ನಾಲ್ಕನೇ ಜ್ವರ

ಇವತ್ತೂ ಅದೇ ಮಾತು: ಫೈಲು ಮೇಲಕ್ಕೆ ಹೋಗಿದೆಯಮ್ಮ.
ಮೇಲೆ ಅಂದರೆ ಎಲ್ಲಿ ಸಾರ್ ಎಂದು ಕೇಳುವುದನ್ನು
ಮೂರನೇ ವರ್ಷಕ್ಕೇ ಬಿಟ್ಟೆ.
ಚಿಕ್ಕಬಳ್ಳಾಪುರದ ಬಸ್ಸಿಳಿದರೆ ನಂದಿಬೆಟ್ಟ ಕಾಣುತ್ತದೆ.
ಮೋಡ ಅದರ ತಲೆ ನುಂಗಿದ ದಿನ
ಫೈಲು ಅಲ್ಲೇ ಎಲ್ಲೋ ಇರಬೇಕು ಅನ್ನಿಸುತ್ತದೆ.

ಮೊದಲ ಸಲ ಹೆಸರು ಬರೆದುಕೊಳ್ಳುವಾಗ
ಗುಮಾಸ್ತ ಕದಿರಪ್ಪ ಪೆನ್ನು ಎತ್ತಿ ಕೇಳಿದ್ದರು: ಊಟ ಬೇಕಾ?
ಅಲ್ಲ ಸಾರ್, ಒತಾಬೆಕ್.
ಗಂಟೆ ಒಂದೂವರೆ. ಇವನು ನಕ್ಕು, ಬೇಕು, ಅಂದ.
ಈ ಜಿಲ್ಲೆಗೆ ಇವನು ಕೊಟ್ಟ ಮೊದಲ ಹೇಳಿಕೆ ಅದು.
ಕಡತದಲ್ಲಿ ಮಾತ್ರ ಇಲ್ಲ.

ಕಡತದಲ್ಲಿ ನಮ್ಮ ಮದುವೆಯ ನೋಟಿಸಿದೆ,
ಮೂವತ್ತು ದಿನ ರಿಜಿಸ್ಟ್ರಾರ್ ಕಚೇರಿಯ ಗೋಡೆಯಲ್ಲಿ
ಹಲ್ಲಿಯ ಪಕ್ಕ ಸಂಸಾರ ಮಾಡಿದ್ದು.
ಇವನ ನಡತೆ ಒಳ್ಳೆಯದೆಂದು ಇಬ್ಬರ ಪ್ರಮಾಣಪತ್ರ:
ಒಬ್ಬರು ಹಿಟ್ಟಿನ ಗಿರಣಿಯ ಬಷೀರಣ್ಣ,
ಇನ್ನೊಬ್ಬರು ನನ್ನ ಮದುವೆಗೆ ಬಾರದ ಸೋದರಮಾವ.
ಛಾಪಾ ಕಾಗದಕ್ಕೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ,
ಆಗಲೂ ನನ್ನ ಜೊತೆ ಮಾತಾಡದೆ ಹೋದರು.

ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ ಎಂದರು. ಕೊಟ್ಟೆವು.
ಈತನಿಗೆ ಪೌರತ್ವ ಕೊಡಬಾರದೆಂದು ತೋರಿದವರು
ಲಿಖಿತವಾಗಿ ತಿಳಿಸಬಹುದು.
ಆ ಹಾಳೆಯನ್ನು ಮುಂದಿನ ವಾರ ಚಾಕಿ ತಟ್ಟೆಗೆ ಹಾಸಿದೆ,
ಇರುವೆಯಷ್ಟು ಸಣ್ಣ ಮರಿಗಳು ಇವನ ಹೆಸರಿನ ಮೇಲೆಲ್ಲ ಹರಿದವು.
ಯಾವುದೂ ಆಕ್ಷೇಪಣೆ ಸಲ್ಲಿಸಲಿಲ್ಲ.

ಪೊಲೀಸರು ವಿಚಾರಣೆಗೆ ಶಿಡ್ಲಘಟ್ಟದಿಂದ ಬಂದಾಗ
ಅಜ್ಜಿ ಹುಳುಮನೆಯಲ್ಲಿದ್ದಳು. ಎಲ್ಲಿಯವನಜ್ಜಿ ಇವನು?
ಫರ್ಗಾನಾ ಅನ್ನಲು ಅವಳ ನಾಲಿಗೆ ಹೊರಳದು.
ಅದ್ಯಾವುದೋ ಊರು, ಅಲ್ಲೂ ಹುಳ ಮೇಯಿಸ್ತಾರಂತೆ.
ಅಷ್ಟೇ. ಅವರು ಅದನ್ನೇ ಬರೆದುಕೊಂಡರು.
ಮೊದಲ ದಿನ, ರೇಷ್ಮೆ ತರಬೇತಿಗೆ ಬಂದವನು,
ನಮ್ಮ ಚಂದ್ರಿಕೆಯಿಂದ ಒಂದು ಗೂಡು ಬಿಡಿಸಿ
ಪಿಲ್ಲ, ಅಂದಿದ್ದ. ಅವನ ಭಾಷೆಯಲ್ಲಿ ಗೂಡಿಗೆ ಅದೇ ಹೆಸರು.
ಮನೆಯೊಳಗೆ ತೆಲುಗಾಡುವ ಅಜ್ಜಿ ನನ್ನ ಕಡೆ ತಿರುಗಿ,
ನೀರು ಕುಡಿಯೋಕೆ ಮುಂಚೇನೇ ಹುಡುಗೀನ ಕೇಳ್ತಾನಲ್ಲೇ!

ಏಳು ವರ್ಷ ಇಲ್ಲೇ ಇದ್ದದ್ದಕ್ಕೆ ದಾಖಲೆ ಕೇಳಿದರು.
ಎಲ್ಲ ಕೂಡಿ ಕಳೆದಾಗ ಹನ್ನೊಂದು ದಿನ ಕಡಿಮೆ ಬಿತ್ತು.
ಅವನಪ್ಪನ ಮಣ್ಣಿಗೆ ಹೋಗಿದ್ದ ದಿನಗಳು.
ಹನ್ನೊಂದು ದಿನ ಬಿಟ್ಟು ಮತ್ತೆ ಅರ್ಜಿ ಹಾಕಿ, ಅಂದರು;
ಕೆಟ್ಟದಾಗೇನೂ ಹೇಳಲಿಲ್ಲ, ಟೀ ಕೂಡ ತರಿಸಿದರು.

ಈಗ ಹಳೆಯ ದೇಶವನ್ನು ಬಿಟ್ಟುಕೊಟ್ಟಾಗಿದೆ.
ಪಾಸ್‌ಪೋರ್ಟನ್ನು ಕೊರಿಯರ್‌ನವನು ತಕ್ಕಡಿಗಿಟ್ಟು ತೂಗಿದ,
ನೂರು ಗ್ರಾಂ ದಾಟಲಿಲ್ಲ.
ಹೊಸದು ಬಂದಿಲ್ಲ. ನಾಲ್ಕು ತಿಂಗಳಾಯಿತು,
ನನ್ನ ಪಕ್ಕ ಮಲಗುವವನು ಯಾವ ದೇಶದವನೂ ಅಲ್ಲ.
ಗೊರಕೆ ಮಾತ್ರ ಮೊದಲಿನ ಹಾಗೇ.

ಅವನಮ್ಮ ಶುಕ್ರವಾರ ಫೋನು ಮಾಡುತ್ತಾಳೆ.
ನನಗೆ ತಿಳಿಯದ ಆ ಮಾತಿನ ಹೊಳೆಯಲ್ಲಿ
ಒಂದೇ ಒಂದು ಕಲ್ಲು ನನಗೆ ಗುರುತು ಸಿಗುತ್ತದೆ:
ಫೈಲು ಮೇಲಕ್ಕೆ ಹೋಗಿದೆ.
ಅದನ್ನು ಅವನು ಕನ್ನಡದಲ್ಲೇ ಹೇಳುತ್ತಾನೆ.
ಆಕೆಯೂ ಈಗ ಹಾಗೇ ಕೇಳುತ್ತಾಳಂತೆ, ಮೇಲಕ್ಕೆ?

ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ.
ನಾವು ಜ್ವರ ಅನ್ನುತ್ತೇವೆ, ಅವರ ಕಡೆ ನಿದ್ದೆ ಅಂತಾರೆ.
ತಲೆ ಎತ್ತಿಕೊಂಡು, ಮೇವು ಬಿಟ್ಟು,
ಹಳೆ ಚರ್ಮದೊಳಗೆ ಸುಮ್ಮನೆ.
ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬ್ಯಾಟರಿ ಹಿಡಿದು ನೋಡಿದೆವು.
ಒಂದೆರಡು ಕದಲಿದ ಹಾಗಿತ್ತು.
ಸೊಪ್ಪಿನ ಬುಟ್ಟಿ ಎತ್ತಿಕೊಂಡೆ.
ಇನ್ನೂ ಬೇಡ, ಅಂದ,
ಅರ್ಧ ಹುಳ ಎದ್ದಿಲ್ಲ.