ಬಾವುಟಕ್ಕೆ ಟೋಪಿ

ನಾನು ಕಾರಿನಲ್ಲಿ ಇಲ್ಲದಾಗ
ಬಾನೆಟ್ಟಿನ ಮೇಲಿನ ಪುಟ್ಟ ಬಾವುಟಕ್ಕೆ
ಕಪ್ಪು ರೆಕ್ಸಿನ್ನಿನ ಟೋಪಿ ಹಾಕುತ್ತಾನೆ ಮಿಲೋರಾದ್.
ಟೋಪಿ ಹಾಕುವುದಕ್ಕೆ ಕನ್ನಡದಲ್ಲಿ ಬೇರೆ ಅರ್ಥವೂ ಉಂಟು
ಎಂದು ಒಮ್ಮೆ ಬಿಡಿಸಿ ಹೇಳಿದೆ. ನಕ್ಕ:
'ಅದೂ ನಿಮ್ಮ ಇಲಾಖೆಯದೇ ಕೆಲಸವಲ್ಲವೇ, ಮೇಡಂ?'

ಕ್ಯಾನ್‌ಬೆರಾದಲ್ಲಿ ಸೆಪ್ಟೆಂಬರು.
ವಾಟಲ್ ಮರದ ಹಳದಿ ಉದುರಿ ಮುಗಿಯುತ್ತಿದೆ.
ಮ್ಯಾಗ್‌ಪೈಗಳ ಗೂಡಿನಲ್ಲಿ ಮರಿ.
ಕೆರೆಯ ದಂಡೆಗೆ ಬೆಳಗಿನ ವಾಕಿಂಗ್ ಹೋದ
ಭಾರತದ ಹೈಕಮಿಷನರ ನೆತ್ತಿಗೆ
ಒಂದು ಎರಗಿ ಕುಕ್ಕಿತು.
ಅದಕ್ಕೆ ವಿಯೆನ್ನಾ ಒಪ್ಪಂದ ಯಾರೂ ಓದಿ ಹೇಳಿಲ್ಲ.
ಮೂವತ್ತೈದು ವರ್ಷದಲ್ಲಿ ನನ್ನ ಕೈಸೇರಿದ
ಅತಿ ನೇರವಾದ ಪ್ರತಿಭಟನಾ ಪತ್ರ ಅದು.

ನೇರ ಮಾತು ನನಗೆ ಬರುವುದಿಲ್ಲ.
ತಪ್ಪು ದೆಹಲಿಯದಲ್ಲ, ದಾವಣಗೆರೆಯ ಬೀದಿ ನಲ್ಲಿಯದು.
ಹದಿನೇಳು ಮನೆ, ಮುಕ್ಕಾಲು ಗಂಟೆ ನೀರು.
ಕೊಡಗಳ ಗಡಿ ತಗಾದೆ ಅಮ್ಮನ ಹತ್ತಿರ ಬರುತ್ತಿತ್ತು.
ಯಾರಿಗೂ ಅವಳು 'ಇಲ್ಲ' ಅಂದದ್ದಿಲ್ಲ,
'ನೋಡೋಣ' ಅನ್ನುತ್ತಿದ್ದಳು.
ಆ ಒಂದು ಪದಕ್ಕೆ ಬಗೆಬಗೆಯ ಇಸ್ತ್ರಿ ಹಾಕಿ
ಐದು ರಾಜಧಾನಿಗಳಲ್ಲಿ ಉಟ್ಟು ತಿರುಗಿದ್ದೇನೆ.
ಮಾತುಕತೆ ಸೌಹಾರ್ದಯುತವಾಗಿತ್ತು: ಯಾರೂ ಎದ್ದು ಹೋಗಲಿಲ್ಲ.
ಮುಕ್ತವಾಗಿತ್ತು: ಎದ್ದು ಹೋದವರು ಕಾಫಿಗೆ ಮರಳಿದರು.
ಫಲಪ್ರದವಾಗಿತ್ತು: ಊಟ ಚೆನ್ನಾಗಿತ್ತು.

ಮೊದಲ ಪೋಸ್ಟಿಂಗು ಬೆಲ್‌ಗ್ರೇಡ್.
ಸರ್ಕಾರ ಹಂಚಿದ ಭಾಷೆ ಕಲಿತೆ, ಪಾಸಾದೆ, ಭತ್ಯೆ ಪಡೆದೆ.
ಆ ಭಾಷೆಗೀಗ ನಾಲ್ಕು ಹೆಸರು,
ಆ ದೇಶಕ್ಕೆ ಒಂದೂ ಇಲ್ಲ.
ಮಿಲೋರಾದ್ ಅಲ್ಲಿಯವನು.
ಓಸಿಯೆಕ್‌ನಿಂದ ತೊಂಬತ್ತೊಂದರಲ್ಲಿ ಹೊರಟವನು,
ಜೊತೆಗೆ ಹೆಂಡತಿ, ಒಂದು ಹಿತ್ತಾಳೆಯ ಕಾಫಿ ಗಿರಣಿ.
ಗಾಜು ಏರಿಸಿಕೊಂಡು ನಾವು ಅದರಲ್ಲೇ ಮಾತಾಡುತ್ತೇವೆ.
ಅದನ್ನು ಏನೆಂದು ಕರೆಯಬೇಕೋ, ಅವನೂ ಹೇಳುವುದಿಲ್ಲ.
'ನಮ್ಮದು' ಅನ್ನುತ್ತಾನೆ, ಅಷ್ಟೆ.

ಕಳೆದ ಗುರುವಾರ, ಕೆರೆಯ ಸೇತುವೆಯ ಮೇಲೆ,
ಕನ್ನಡಿಯಲ್ಲಿ ನನ್ನತ್ತ ನೋಡದೆ ಕೇಳಿದ:
'ಆಗ ನೀವು ಅಲ್ಲಿದ್ದಿರಿ. ಮೊದಲೇ ಗೊತ್ತಿತ್ತೇ?'

ತೊಂಬತ್ತರ ಕೊನೆಯ ಚಳಿ.
'ಈ ದೇಶ ಒಡೆಯುತ್ತದೆ' ಎಂದು ಕರಡಿನಲ್ಲಿ ಬರೆದಿದ್ದಳು
ಇಪ್ಪತ್ತೇಳರ ಒಬ್ಬ ಮೂರನೇ ಕಾರ್ಯದರ್ಶಿ.
ಮೇಲಿನವರು ಹಸಿರು ಶಾಯಿಯಲ್ಲಿ ಹೊಡೆದುಹಾಕಿ
'ಪರಿಸ್ಥಿತಿಯನ್ನು ಗಮನಿಸಲಾಗುತ್ತಿದೆ' ಎಂದು ತಿದ್ದಿದರು.
ಅಕ್ಷರ ಮುದ್ದಾಗಿತ್ತು.
ಆಮೇಲೆ ಅದೇ ವಾಕ್ಯವನ್ನು ಅದೇ ಹಸಿರಿನಲ್ಲಿ
ಎಷ್ಟು ಕಿರಿಯರ ಕರಡಿಗೆ ನಾನು ಬರೆದುಕೊಟ್ಟೆನೋ,
ಲೆಕ್ಕ ಇಟ್ಟಿಲ್ಲ.

ಸೇತುವೆ ಮುಗಿಯುತ್ತಾ ಬಂತು.
ನಾಲಿಗೆಯ ತುದಿಗೆ ಇಸ್ತ್ರಿಯಾದ ಮೂರು ವಾಕ್ಯ
ಬಂದು ಸಾಲಾಗಿ ನಿಂತವು.
'ಗೊತ್ತಿತ್ತು' ಅಂದೆ.

ಅವನು ಇಂಡಿಕೇಟರ್ ಹಾಕಿದ.
ತಿರುವು ಇನ್ನೂ ದೂರವಿತ್ತು.
ಅಲ್ಲಿಯವರೆಗೂ ಅದೊಂದೇ ಟಿಕ್ ಟಿಕ್ ಸದ್ದು.

ಇವತ್ತು ವಿಮಾನ ನಿಲ್ದಾಣ. ಎರಡು ಸೂಟ್‌ಕೇಸು,
ಮಡಚಿದ ಕೊಡೆ, ಸಿಬ್ಬಂದಿ ಕೊಟ್ಟ ಮರದ ಹಕ್ಕಿ
(ಮ್ಯಾಗ್‌ಪೈಯೇ, ತುಂಟರು).
ಬಾವುಟ ನನ್ನದಲ್ಲ, ಮುಂದಿನವರು ಮಂಗಳವಾರ ಬರುತ್ತಾರೆ.
'ನಿಮ್ಮ ಭಾಷೆಯಲ್ಲಿ ಹೊರಡುವಾಗ ಏನನ್ನುತ್ತೀರಿ?'
'ಬರ್ತೀನಿ.'
'ಅಂದರೆ?'
'ಮತ್ತೆ ಬರುತ್ತೇನೆ ಅಂತ. ಹೋಗ್ತೀನಿ ಅನ್ನಬಾರದು.'
ಅವನು ಆ ಪದವನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದ.
'ನಾವು ಹೊರಟಾಗ ಯಾರಿಗೂ ಏನೂ ಹೇಳಲಿಲ್ಲ,
ನಾಯಿಗೆ ಕೂಡ.'

ಟ್ರಾಲಿಯ ಒಂದು ಗಾಲಿ ಎಡಕ್ಕೆ ಎಳೆಯುತ್ತಿತ್ತು.
ಬಾಗಿಲ ಬಳಿ ತಿರುಗಿ ನೋಡಿದೆ.
ಬಾನೆಟ್ಟಿಗೆ ಬಾಗಿ ಅವನು
ಬಾವುಟಕ್ಕೆ ಟೋಪಿ ಹಾಕುತ್ತಿದ್ದ,
ದಾರ ಬಿಗಿಯುತ್ತಿದ್ದ,
ಬಿಚ್ಚಿ, ಇನ್ನೊಮ್ಮೆ.