ಫರಸಿ ಖಣಿಯಲ್ಲಿ ಸಂಜೆ

ನಡುಹಗಲಿಗೆ ಶಹಾಬಾದಿನ ಹಳೇ ಖಣಿ
ಬರೀ ಬಿಳುಪು. ಎಷ್ಟು ಸಲ ಒತ್ತಿದರೂ
ಪರದೆಯ ಮೇಲೆ ಸುಣ್ಣ.

"ತಡೀರಿ ಸಾಹೇಬ್ರ," ಅಂದ ನಬೀಲಾಲ,
ಉಳಿ ಒರೆಸುತ್ತ. "ನೆತ್ತಿ ಮ್ಯಾಲಿನ ಬಿಸಲು
ಕಲ್ಲಿನ ಸೀಳು ಮುಚ್ಚಿಡ್ತದ.
ನಾವೂ ಓರೆ ಬೆಳಕಿಗೇ ನೋಡೋದು."

ಕಾದೆವು. ಬೀಡಿ ಎರಡು. ಅರ್ಧ ಬಾಟಲಿ ಬಿಸಿನೀರು.

ಐದೂವರೆಗೆ ಹೊತ್ತು ವಾಲಿತು:
ಪದರಕ್ಕೊಂದು ಗೆರೆ, ಗೆರೆಗೊಂದು ನೆರಳು,
ಬಿಳಿ ಹುಡಿಯಲ್ಲಿ ನಾಯಿಯ ಹೆಜ್ಜೆಗೂ ಆಳ ಬಂತು,
ಸಪಾಟು ನೆಲಕ್ಕೆ ಒಮ್ಮೆಲೇ ವಯಸ್ಸು.

ಆಕಾಶ ಕತ್ತರಿಸಿದೆ. ಬಿಸಾಕಿದ ಚಕ್ಕೆಗಳಿಗೆ
ಚೌಕಟ್ಟಿನ ಮೂರು ಪಾಲಿನಲ್ಲಿ ಎರಡು ಕೊಟ್ಟೆ.
ಮೂಲೆಗೆ ಅವನ ನೆರಳು ನುಗ್ಗಿತು.
"ಸರೀಲೇನ್ರಿ?" ಅಂದ.

ಬ್ಯಾಡ, ಅಂದೆ.
ಅಷ್ಟರಲ್ಲಿ ಅವನ ಬೆರಳು ತೋರಿಸಿತು
ನಾನು ಕೂತ ಕಲ್ಲಿನಲ್ಲೇ
ಕೂದಲೆಳೆಯಷ್ಟು ಸೀಳು.