ಉಪ್ಪಿನವನ ಮನೆಯ ಕೊತ್ತಂಬರಿ

ಬಿ.ಪಿ.ಯ ಮುಳ್ಳು ನೂರಎಪ್ಪತ್ತಕ್ಕೆ ಏರಿದ ದಿನ
ಡಾಕ್ಟರಮ್ಮ ಹೇಳಿದ್ದು ಬೆಲ್ಮೀರುವಿಗಲ್ಲ, ನನಗೆ:
"ದೆಯೊಲಿಂದ, ಉಪ್ಪು ಅರ್ಧಕ್ಕಿಳಿಸು,
ಸೊಪ್ಪು ಎರಡರಷ್ಟು ಹಾಕು. ನಾಲಿಗೆ ಮರೆಯುತ್ತೆ."

ಯಾರ ನಾಲಿಗೆ, ತಾಯಿ?
ಗ್ವಾದಿಯಾನ ಹೊಳೆ ಕಡಲಿಗೆ ಬೀಳುವಲ್ಲಿ
ನಲವತ್ತೊಂದು ಬೇಸಿಗೆ
ಉಪ್ಪಿನ ಗದ್ದೆಯಲ್ಲಿ ಗೋರುಹಲಗೆ ಎಳೆದವನದು.
ಬೆವರೊರೆಸಿದ ಕೈಚೌಕ ಹಗ್ಗಕ್ಕೆ ಹಾಕಿದರೆ
ಒಣಗಿ ಹಪ್ಪಳದ ಹಾಗೆ ಮುರಿಯುತ್ತಿತ್ತು.
ಮದುವೆಯ ಮರುದಿನ ಅವನ ಹೆಗಲಿಗೆ
ಒಣಮೀನಿನ ರುಚಿ ಇತ್ತು.
ಇದನ್ನು ಡಾಕ್ಟರಮ್ಮನಿಗೆ ಹೇಳಲಿಲ್ಲ.

ಸರಿ. ಒರಳಿಗೆ ಬೆಳ್ಳುಳ್ಳಿ ಮೂರೆಸಳು,
ಕೊತ್ತಂಬರಿ ಒಂದಿದ್ದದ್ದು ಎರಡು ಮುಷ್ಟಿ,
ದಂಟೂ ಬಿಡದೆ; ಘಮ ಇರೋದೇ ದಂಟಿನಲ್ಲಿ.
ಉಪ್ಪು, ಹರಳು ಎಣಿಸಿ.
ಜಜ್ಜಿದರೆ ಹಸಿರು ಮೂಗಿಗೇ ಬಡಿಯಿತು.
ಮೊನ್ನೆಯ ಬ್ರೆಡ್ಡು ಮುರಿದು, ಎಣ್ಣೆ ಸುರಿದು,
ಕುದಿನೀರು ಹೊಯ್ದು, ಮೇಲೊಂದು ಮೊಟ್ಟೆ:
ನಮ್ಮಂಥವರ ಅಸೋರ್ದ.
ಉಂಡ. ಬಟ್ಟಲು ಒರೆಸಿದ.
"ಚೆನ್ನಾಗಿದೆ" ಅಂದ.
ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಹಾಗಂದಾಗಲೇ
ನನಗೆ ಗುಮಾನಿ ಬರಬೇಕಿತ್ತು.

ವಾರಕ್ಕೆ ನಾಲ್ಕು ಹರಳು ಕಳೆದೆ,
ಕಳ್ಳಿಯ ಹಾಗೆ, ಅವನಿಗೆ ಬೆನ್ನು ಮಾಡಿ.
ಕಡಲೆಗೆ ಕೊತ್ತಂಬರಿ, ಚಿಪ್ಪುಮೀನಿಗೆ ಕೊತ್ತಂಬರಿ,
ಟೊಮೆಟೊಗೆ, ಅವರೆಗೆ, ಬರಿಯ ಅನ್ನಕ್ಕೂ.
ಬೇಲಿಯಾಚೆಯಿಂದ ಜೆರ್ತ್ರುದೆಶ್ ಕೇಳಿದಳು:
"ಸಾಕಿರೋದು ಗಂಡನನ್ನೋ, ಮೇಕೆಯನ್ನೋ?"

ಮಾರ್ಚಿಯಲ್ಲಿ ಕಟ್ಟಿನ ಬೆಲೆ ಏರಿತು.
ಬೈದುಕೊಳ್ಳುತ್ತ ಹಿತ್ತಲಿಗೆ ಬಂದರೆ
ಅವನು ಕಾಳುಗಳನ್ನು ಬೂಟಿನಡಿ ಉಜ್ಜಿ
ಎರಡೆರಡು ಹೋಳು ಮಾಡುತ್ತಿದ್ದ.
ಪಕ್ಕದಲ್ಲಿ, ಉಪ್ಪು ಹೊತ್ತ ಹಳೆಯ ಮರದ ಪೆಟ್ಟಿಗೆಗಳು.
"ಮೂರು ಸಲ ಬಿತ್ತಿದೆ, ಮೊಳೆಯಲಿಲ್ಲ.
ಒಂಬತ್ತು ಸಲ ತೊಳೆದೆ.
ಮರಕ್ಕೆ ಉಪ್ಪು ಬಿಡಿಸೋದು ಸುಲಭವಲ್ಲ ಕಣೆ."

"ನಿನಗೆ ಯಾವತ್ತು ಗೊತ್ತಾಯ್ತು?"
"ಮೊದಲ ತುತ್ತಿಗೆ."

ಉಪ್ಪು ತಿಂದವನು ನೀರು ಕುಡಿಯಬೇಕು.
ಇಲ್ಲಿ ಉಪ್ಪು ತಿಂದವನು ಚೊಂಬು ಬಗ್ಗಿಸಿ
ನೀರುಣಿಸುತ್ತಿದ್ದ,
ಕೊನೆಯ ಪೆಟ್ಟಿಗೆಯಲ್ಲಿ
ದಾರದಂಥ ಕಾಲಿನ, ಎರಡೆಲೆಯ ಮೊಳಕೆಗಳಿಗೆ.

ಮುಳ್ಳು ಈಗ ನೂರಮೂವತ್ತೆಂಟು.
ಸೊಪ್ಪಿನ ಗುಣವೋ, ಮಾತ್ರೆಯದೋ, ಉಪ್ಪು ಬಿಟ್ಟದ್ದರದೋ,
ಡಾಕ್ಟರಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಾರೆ.

ಭಾನುವಾರ ಮಾತ್ರ ಅವನು
ತಾನೇ ಗೋರಿ ತಂದಿದ್ದ ಹರಳೊಂದನ್ನು
ಜೇಬಿನಿಂದ ತೆಗೆದು ಮೊಟ್ಟೆಯ ಮೇಲಿಡುತ್ತಾನೆ.
ಆಗ ನನಗೆ ಕಿಟಕಿಯಾಚೆ
ಏನೋ ಕೆಲಸ.